ಬಂದ ಹೆಸರನ್ನು ಏನು ಮಾಡುವುದು?

ಹೆಸರು ಗಳಿಸುವುದು ಕಷ್ಟ, ಗಳಿಸಿದ ಹೆಸರನ್ನು ಉಳಿಸಿಕೊಳ್ಳುವುದು ಅದಕ್ಕಿಂತ ಕಷ್ಟ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಇವೆರಡಕ್ಕಿಂತಲೂ ಕಠಿಣವಾದ ಮೂರನೆಯ ಪ್ರಶ್ನೆಯೊಂದಿದೆ. ಬಂದ ಹೆಸರನ್ನು ಏನು ಮಾಡುವುದು? ಮನೆಮನೆಯ ಮಕ್ಕಳ ಕೈಗೆ ಮೊಬೈಲು ಬಂದಿರುವ ಈ ದಿನಗಳಲ್ಲಿ ಇದು ದೊಡ್ಡ ಮನುಷ್ಯರ ಪ್ರಶ್ನೆಯಾಗಿ ಮಾತ್ರ ಉಳಿದಿಲ್ಲ. ಹತ್ತನೆಯ ತರಗತಿಯ ಹುಡುಗನೂ ತಾನು ಹಾಕಿದ ಚಿತ್ರವನ್ನು ಎಷ್ಟು ಜನ ನೋಡಿದರು, ಎಷ್ಟು ಜನ ಮೆಚ್ಚಿದರು ಎಂದು ಮಲಗುವ ಮುನ್ನ ಎಣಿಸುತ್ತಾನೆ. ಎಣಿಕೆ ಏರಿದರೆ ಹಿಗ್ಗುತ್ತಾನೆ, ಇಳಿದರೆ ಕುಗ್ಗುತ್ತಾನೆ. ಇದನ್ನು ಕಂಡು ತಾಯ್ತಂದೆಯರು ಕಳವಳಪಡುವುದೂ ಗದರುವುದೂ ಸಹಜವೇ. ಆದರೆ ಗದರಿಕೆಯಿಂದ ಮಕ್ಕಳಿಗೆ ಉತ್ತರ ದೊರೆಯದು. ಆ ಉತ್ತರವನ್ನು ಬಾಳಿ ತೋರಿಸಿದವರ ಕಥೆಯನ್ನು ಹೇಳುವುದು ಲೇಸು.

ಅಂಥವರಲ್ಲೊಬ್ಬರು ಜಪಾನ್ ದೇಶದ ನಿವೃತ್ತ ಕಾಲ್ಚೆಂಡು ಆಟಗಾರ ಹಿದೆತೋಶಿ ನಕಾತ. 2006ರಲ್ಲಿ, ಕೇವಲ 29ನೆಯ ವಯಸ್ಸಿನಲ್ಲಿ, ಅವರು ಆಟವನ್ನು ಬಿಟ್ಟರು. ಅವರು ಆಡಿದ್ದನ್ನು ಕಣ್ಣಾರೆ ಕಾಣದ ಒಂದು ತಲೆಮಾರೇ ಈಗ ಬೆಳೆದು ನಿಂತಿದೆ. ಆದರೂ ಅವರ ಹಳೆಯ ಪಂದ್ಯಗಳ ತುಣುಕುಗಳನ್ನು ಹುಡುಕಿ ನೋಡುವವರು ಇಂದಿಗೂ ಇದ್ದಾರೆ. ಅಂತರಜಾಲವು ಇನ್ನೂ ಎಳೆಯ ಕೂಸಾಗಿದ್ದಾಗಲೇ ಅಲ್ಲಿ ತಮ್ಮದೊಂದು ತಾಣವನ್ನು ತೆರೆದು, ಅಭಿಮಾನಿಗಳೊಡನೆ ನೇರವಾಗಿ ಮಾತನಾಡಿದ ಮೊದಮೊದಲ ಆಟಗಾರರ ಸಾಲಿಗೆ ಸೇರಿದವರು ಅವರು. ಅಲ್ಲಿ ದೊರೆತ ಜನಪ್ರಿಯತೆಯನ್ನು ಮುಂದೆ ಅವರು ಯಾವ ಕೆಲಸಕ್ಕೆ ಬಳಸಿದರು ಎಂಬುದೇ ಈ ಲೇಖನದ ವಿಷಯ.

ಬೆಟ್ಟಗಳ ನಾಡಿನ ಬಾಲಕ

ಜಪಾನಿನ ಫೂಜಿ ಪರ್ವತದ ಮಗ್ಗುಲಲ್ಲಿ ಯಮನಾಶಿ ಎಂಬ ಪ್ರಾಂತ್ಯವಿದೆ. ಸುತ್ತಲೂ ಬೆಟ್ಟಗಳು, ನಡುವೆ ಬಟ್ಟಲಿನಂಥ ಬಯಲು. ದ್ರಾಕ್ಷಿ ತೋಟಗಳಿಗೆ ಆ ಸೀಮೆ ಹೆಸರಾದದ್ದು. ಅದರ ರಾಜಧಾನಿ ಕೋಫು ನಗರದಲ್ಲಿ 1977ರ ಜನವರಿ 22ರಂದು ನಕಾತ ಹುಟ್ಟಿದರು. ಎಂಟನೆಯ ವಯಸ್ಸಿನ ಚಳಿಗಾಲದಲ್ಲಿ, ಶಾಲೆಯ ಬಯಲಿನ ಒಂದು ಮೂಲೆಯಲ್ಲಿ ಚೆಂಡನ್ನು ಒದೆಯತೊಡಗಿದ್ದೇ ತಮ್ಮ ಪಯಣದ ಆರಂಭವೆಂದು ಅವರು ಮುಂದೆ ಬರೆದುಕೊಂಡಿದ್ದಾರೆ.

ಆಗಿನ ಜಪಾನಿನಲ್ಲಿ ಕಾಲ್ಚೆಂಡು ಎರಡನೆಯ ಪಂಕ್ತಿಯ ಆಟ. ಬೇಸ್‌ಬಾಲ್ ಎಂಬುದೇ ಅಲ್ಲಿನ ಜನರ ಉಸಿರಾಗಿತ್ತು. ಕಾಲ್ಚೆಂಡಿನ ತಂಡಗಳೆಂದರೆ ಬಹುಮಟ್ಟಿಗೆ ಕಾರ್ಖಾನೆ ಮತ್ತು ಕಂಪನಿಗಳ ನೌಕರರ ತಂಡಗಳು. 1993ರ ಮೇ ತಿಂಗಳಲ್ಲಿ ಹತ್ತು ತಂಡಗಳೊಡನೆ ವೃತ್ತಿಪರ ಜೆ. ಲೀಗ್ ಆರಂಭವಾದ ಮೇಲೆ ಚಿತ್ರವೇ ಬದಲಾಯಿತು. ನಿರಾಸಾಕಿ ಪ್ರೌಢಶಾಲೆಯಲ್ಲಿ ಓದು ಮುಗಿಸಿದ ನಕಾತ 1995ರಲ್ಲಿ ಬೆಲ್‌ಮಾರೆ ಹಿರತ್ಸುಕ ತಂಡವನ್ನು ಸೇರಿದರು. ಮರುವರ್ಷ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ, ಮಯಾಮಿ ನಗರದ ಅಂಗಣದಲ್ಲಿ, ಜಪಾನಿನ ಹುಡುಗರು ಬ್ರೆಜಿಲ್ ತಂಡವನ್ನು 1-0ರಿಂದ ಸೋಲಿಸಿದಾಗ ಜಗತ್ತೇ ಕಣ್ಣರಳಿಸಿತು. ಆ ತಂಡದಲ್ಲಿ ನಕಾತ ಇದ್ದರು.

1997ರ ನವೆಂಬರ್ 16ರಂದು ಮಲೇಷ್ಯದ ಜೊಹೊರ್ ಬಾರುವಿನಲ್ಲಿ ಜಪಾನ್ ಮತ್ತು ಇರಾನ್ ಎದುರಾದವು. ಗೆದ್ದವರಿಗೆ ವಿಶ್ವಕಪ್ ಪ್ರವೇಶ. ಜಪಾನ್ ಅದುವರೆಗೆ ಒಮ್ಮೆಯೂ ವಿಶ್ವಕಪ್ ಅಂಗಣವನ್ನು ಮೆಟ್ಟಿರಲಿಲ್ಲ. ಹೆಚ್ಚುವರಿ ಅವಧಿಯವರೆಗೆ ಸಾಗಿದ ಆ ಪಂದ್ಯವನ್ನು ಜಪಾನ್ 3-2ರಿಂದ ಗೆದ್ದಿತು. ಮೂರು ಗೋಲುಗಳಲ್ಲಿ ಒಂದೂ ನಕಾತ ಅವರ ಹೆಸರಿನಲ್ಲಿಲ್ಲ, ಆದರೆ ಮೂರರ ಹಿಂದೆಯೂ ಅವರ ಕಾಲಿತ್ತು. ಎರಡಕ್ಕೆ ಚೆಂಡು ಒದಗಿಸಿದವರು ಅವರೇ. ಕೊನೆಯದು ಅವರು ಹೊಡೆದ ಚೆಂಡನ್ನು ಇರಾನಿನ ಗೋಲುರಕ್ಷಕ ತಡೆದಾಗ ಸಿಡಿದು ಬಂದದ್ದನ್ನು ಜೊತೆಗಾರ ಒಳಗಟ್ಟಿದ್ದು. ಆಗ ಅವರಿಗೆ ಇಪ್ಪತ್ತು ವರ್ಷ. 1997 ಮತ್ತು 1998, ಎರಡೂ ವರ್ಷ ಅವರು ಏಷ್ಯದ ಶ್ರೇಷ್ಠ ಆಟಗಾರ ಪ್ರಶಸ್ತಿಗೆ ಪಾತ್ರರಾದರು.

ಇಟಲಿಯ ಹಾದಿ

1998ರ ಫ್ರಾನ್ಸ್ ವಿಶ್ವಕಪ್‌ನಲ್ಲಿ ಜಪಾನ್ ಆಡಿದ ಮೂರೂ ಪಂದ್ಯಗಳನ್ನು ಸೋತಿತು. ಆದರೆ ಆ ಸೋಲಿನೊಳಗೂ ನಕಾತ ಅವರ ಆಟ ಇಟಲಿಯವರ ಕಣ್ಣಿಗೆ ಬಿದ್ದಿತ್ತು. ಪೆರೂಜಾ ಎಂಬ ಸಣ್ಣ ಬೆಟ್ಟದೂರಿನ ತಂಡ ಅವರನ್ನು ಕರೆಸಿಕೊಂಡಿತು. ಅವರಿಗಿಂತ ಮೊದಲು ಇಟಲಿಯ ಉನ್ನತ ಲೀಗ್‌ನಲ್ಲಿ ಆಡಿದ್ದ ಜಪಾನೀಯರೆಂದರೆ ಕಝುಯೋಶಿ ಮಿಯುರ ಒಬ್ಬರೇ. ಅಂಗಿ ಮಾರುವುದಕ್ಕಾಗಿಯೇ ಈ ಹುಡುಗನನ್ನು ಕರೆಸಿದ್ದಾರೆಂದು ಹಲವರು ನಕ್ಕರು. 1998ರ ಸೆಪ್ಟೆಂಬರ್ 13ರಂದು ಮೊದಲ ಪಂದ್ಯ, ಎದುರಾಳಿ ಹಿಂದಿನ ವರ್ಷದ ಚಾಂಪಿಯನ್ ಯುವೆಂಟಸ್. ಪೆರೂಜಾ 3-4ರಿಂದ ಸೋತಿತಾದರೂ ಎರಡು ಗೋಲು ಹೊಡೆದವರು ನಕಾತ. ನಕ್ಕವರು ಅಂದೇ ಸುಮ್ಮನಾದರು. ಆ ಋತುವಿನಲ್ಲಿ ಅವರು ಹತ್ತು ಗೋಲುಗಳನ್ನು ಗಳಿಸಿದರು. ಜಪಾನಿನಿಂದ ಪ್ರವಾಸಿಗಳೂ ಪತ್ರಕರ್ತರೂ ಆ ಊರನ್ನು ಹುಡುಕಿಕೊಂಡು ಬರತೊಡಗಿದರು.

2000ದ ಆರಂಭದಲ್ಲಿ ಅವರು ರೋಮಾ ತಂಡಕ್ಕೆ ಹೋದರು. ಅಲ್ಲಿ ಅವರ ಸ್ಥಾನದಲ್ಲಿ ಆಡುತ್ತಿದ್ದವರು ಆ ನಗರದ ಕಣ್ಮಣಿ ಫ್ರಾನ್ಸೆಸ್ಕೊ ತೊತ್ತಿ. ಹಾಗಾಗಿ ನಕಾತ ಹಲವು ವಾರ ಹೊರಗೆ ಕುಳಿತೇ ಕಳೆಯಬೇಕಾಯಿತು. ಯುರೋಪಿನ ಹೊರಗಿನ ಆಟಗಾರರ ಸಂಖ್ಯೆಗೆ ಆಗ ಇಟಲಿಯಲ್ಲಿ ಮಿತಿಯಿತ್ತು. 2001ರ ಮೇ 6ರಂದು ಟ್ಯೂರಿನ್ ನಗರದಲ್ಲಿ ಯುವೆಂಟಸ್ ವಿರುದ್ಧ ನಿರ್ಣಾಯಕ ಪಂದ್ಯ ಬಂದಾಗ, ಕೆಲವೇ ದಿನಗಳ ಹಿಂದೆ ಆ ಮಿತಿ ತೆರವಾಗಿದ್ದುದರಿಂದ ಅವರಿಗೆ ಅವಕಾಶ ದೊರೆಯಿತು. ರೋಮಾ 0-2ರಿಂದ ಹಿಂದಿತ್ತು. ತರಬೇತುದಾರ ಫಾಬಿಯೊ ಕಪೆಲ್ಲೊ ತೊತ್ತಿಯನ್ನೇ ಹೊರಗೆ ಕರೆದು ನಕಾತ ಅವರನ್ನು ಇಳಿಸಿದರು. ಅವರು ದೂರದಿಂದ ಹೊಡೆದ ಚೆಂಡು ಬಾಣದಂತೆ ಗೋಲಿನ ಮೂಲೆಯನ್ನು ಸೇರಿತು. ಕೊನೆಯ ಗಳಿಗೆಯಲ್ಲಿ ಅವರೇ ಹೊಡೆದ ಇನ್ನೊಂದು ಚೆಂಡು ಗೋಲುರಕ್ಷಕನ ಕೈಯಿಂದ ಜಾರಿದಾಗ ಮೊಂಟೆಲ್ಲಾ ಅದನ್ನು ಗೋಲಾಗಿಸಿದರು. ಪಂದ್ಯ 2-2ರಲ್ಲಿ ಸಮವಾಯಿತು. ಆ ಋತುವಿನ ಅಂತ್ಯಕ್ಕೆ ರೋಮಾ 75 ಅಂಕ, ಯುವೆಂಟಸ್ 73 ಅಂಕ. ಅಂದು ಯುವೆಂಟಸ್ ಗೆದ್ದಿದ್ದರೆ ಲೆಕ್ಕವೇ ತಿರುಗುಮುರುಗಾಗುತ್ತಿತ್ತು. 1983ರ ತರುವಾಯ ರೋಮಾ ತಂಡಕ್ಕೆ ಅದು ಮೊದಲ ಇಟಲಿ ಚಾಂಪಿಯನ್ ಪಟ್ಟ.

ಅಭಿಮಾನಿಗಳು ಇಂದಿಗೂ ಮತ್ತೆ ಮತ್ತೆ ನೋಡುವ ತುಣುಕು ಇದೇ. ಆ ತುಣುಕಿನಲ್ಲಿ ಕಾಣದ ಸಂಗತಿಯನ್ನೂ ನಾವು ಗಮನಿಸಬೇಕು. ಅವಕಾಶವಿಲ್ಲದೆ ಕುಳಿತ ವಾರಗಳಲ್ಲಿ ಆ ಆಟಗಾರ ತನ್ನ ಅಭ್ಯಾಸವನ್ನು ಕೈಬಿಟ್ಟಿರಲಿಲ್ಲ. ಕಾದು ಕುಳಿತವನು ಸಿದ್ಧನಾಗಿಯೂ ಇದ್ದುದರಿಂದಲೇ ಅರ್ಧ ಗಂಟೆಯ ಆಟ ಒಂದು ಪಟ್ಟಕ್ಕೆ ಕಾರಣವಾಯಿತು.

ಮುಂದೆ ಪಾರ್ಮಾ ತಂಡದೊಡನೆ 2002ರಲ್ಲಿ ಇಟಲಿಯ ಕಪ್ ಗೆದ್ದರು. ಅದೇ ವರ್ಷ ಜಪಾನ್ ಮತ್ತು ದಕ್ಷಿಣ ಕೊರಿಯ ಒಟ್ಟಾಗಿ ನಡೆಸಿದ ವಿಶ್ವಕಪ್‌ನಲ್ಲಿ, ಒಸಾಕ ನಗರದಲ್ಲಿ ಟ್ಯುನೀಸಿಯ ವಿರುದ್ಧ ತಲೆಯಿಂದ ಗೋಲು ಹೊಡೆದರು. 2004ರಲ್ಲಿ ಪೆಲೆ ಅವರು ಆರಿಸಿದ, ಆಗ ಬದುಕಿದ್ದ 125 ಶ್ರೇಷ್ಠ ಆಟಗಾರರ ಪಟ್ಟಿಯಲ್ಲಿ ಜಪಾನಿನಿಂದ ಇದ್ದ ಹೆಸರು ನಕಾತ ಅವರದೊಂದೇ.

ಮಾತಿನ ಒಡೆತನ

ಇಷ್ಟು ದೊಡ್ಡ ಹೆಸರಿನ ಮನುಷ್ಯ ಪತ್ರಿಕೆಯವರೊಡನೆ ಮಾತನಾಡುತ್ತಿದ್ದುದು ಮಾತ್ರ ಬಹಳ ಕಡಿಮೆ. ಇದಕ್ಕೆ ಕಾರಣವಿತ್ತು. 1998ರ ಆರಂಭದಲ್ಲಿ ರಾಷ್ಟ್ರಗೀತೆಯ ಕುರಿತು ಅವರು ಆಡಿದರೆಂದು ಒಂದು ದಿನಪತ್ರಿಕೆಯಲ್ಲಿ ಬಂದ ಮಾತು ಜಪಾನಿನಲ್ಲಿ ಭಾರಿ ವಿವಾದವನ್ನೆಬ್ಬಿಸಿತು. ಬೆದರಿಕೆಗಳೂ ಬಂದವು. ಇಪ್ಪತ್ತೊಂದರ ಹರೆಯದ ಹುಡುಗನಿಗೆ ಅದು ಸಣ್ಣ ಪೆಟ್ಟಲ್ಲ. ಬಾಯಿಂದ ಹೊರಟ ಮಾತು ಇನ್ನೊಬ್ಬರ ಕೈಯಲ್ಲಿ ಅಚ್ಚಾಗಿ ಊರೆಲ್ಲ ತಿರುಗುವಾಗ ಅದರ ಮೇಲೆ ತನಗೆ ಒಡೆತನವಿರುವುದಿಲ್ಲ ಎಂಬುದು ಅವರಿಗೆ ಅರಿವಾಯಿತು.

ಅದೇ ವರ್ಷ ಅವರ ಹೆಸರಿನಲ್ಲಿ 'ನಕಾತ ಡಾಟ್ ನೆಟ್' ಎಂಬ ಜಾಲತಾಣ ತೆರೆಯಿತು. ಓದುಗರು ಆ ಕಾಲವನ್ನೊಮ್ಮೆ ನೆನೆಯಬೇಕು. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು. 1998ರಲ್ಲಿ ದೂರವಾಣಿಯ ತಂತಿಗೆ ಯಂತ್ರವನ್ನು ಜೋಡಿಸಿ, ಅದು ಕಿರುಗುಟ್ಟುವುದನ್ನು ಕೇಳುತ್ತ ನಾವು ಕಾಯಬೇಕಾಗಿತ್ತು. ಜಪಾನಿನಲ್ಲೂ ಮೊಬೈಲಿನಲ್ಲಿ ಜಾಲವನ್ನು ತೋರುವ 'ಐ-ಮೋಡ್' ಸೇವೆ ಬಂದದ್ದು 1999ರ ಫೆಬ್ರವರಿಯಲ್ಲಿ. ಫೇಸ್‌ಬುಕ್ ಹುಟ್ಟಿದ್ದು 2004ರಲ್ಲಿ, ಯೂಟ್ಯೂಬ್ 2005ರಲ್ಲಿ. ಇವೆಲ್ಲಕ್ಕೂ ಮೊದಲೇ ಒಬ್ಬ ಆಟಗಾರ, ನಡುವೆ ಯಾರ ಹಂಗೂ ಇಲ್ಲದೆ, ತನ್ನ ಅನಿಸಿಕೆಯನ್ನು ಪತ್ರದ ಧಾಟಿಯಲ್ಲಿ ಬರೆದು ಅಭಿಮಾನಿಗಳಿಗೆ ಮುಟ್ಟಿಸತೊಡಗಿದ್ದು ಹೊಸ ಸಂಗತಿಯೇ ಸರಿ. ಇಟಲಿಯಲ್ಲಿ ಪಂದ್ಯ ಮುಗಿದ ಮೇಲೆ ಆತ ಏನು ಬರೆದಾನೆಂದು ಜಪಾನಿನ ಜನ ಕಾದಿರುತ್ತಿದ್ದರು. ಅಭಿಮಾನಿಗಳೂ ಅವರಿಗೆ ಬರೆಯುತ್ತಿದ್ದರು.

ಜಾಲತಾಣವೆಂದರೆ ಬಾಯಿಗೆ ಬಂದದ್ದನ್ನು ಆಡುವ ಕಟ್ಟೆಯಾಗಿ ಅವರು ಬಳಸಿಕೊಳ್ಳಲಿಲ್ಲ. ಆಡಬೇಕಾದ ಮಾತನ್ನು ತಾವೇ ತೂಗಿ ಆಡಲು ಬಳಸಿದರು. ಅವರ ಮೌನವನ್ನು ಗರ್ವವೆಂದವರು ಅನೇಕರಿದ್ದರು. ಜಪಾನ್ ತಂಡದೊಳಗೂ ಅವರ ಕಡ್ಡಿ ಮುರಿದಂಥ ಮಾತು ಎಲ್ಲರಿಗೂ ಹಿಡಿಸುತ್ತಿರಲಿಲ್ಲ. ಅವರಲ್ಲಿ ಕುಂದೇ ಇರಲಿಲ್ಲವೆಂದು ನಾವು ಹೇಳಹೊರಟಿಲ್ಲ. ತಮ್ಮ ಮನಸ್ಸಿನಲ್ಲಿದ್ದುದನ್ನು ಜೊತೆಯ ಆಟಗಾರರಿಗೆ ತಲುಪಿಸಲು ತಮಗೆ ಸಾಧ್ಯವಾಗಲಿಲ್ಲವೆಂದು ಕೊನೆಗೆ ಅವರೇ ಒಪ್ಪಿಕೊಂಡರು.

ಇಪ್ಪತ್ತೊಂಬತ್ತಕ್ಕೆ ವಿದಾಯ

2006ರ ವಿಶ್ವಕಪ್ ಜರ್ಮನಿಯಲ್ಲಿ ನಡೆಯಿತು. ಜಪಾನ್ ತಂಡ ಆಸ್ಟ್ರೇಲಿಯಕ್ಕೆ 1-3ರಿಂದ ಸೋತಿತು. ಕ್ರೊಯೇಷಿಯದೊಡನೆ ಗೋಲಿಲ್ಲದೆ ಸಮಮಾಡಿಕೊಂಡಿತು. ಜೂನ್ 22ರಂದು ಡಾರ್ಟ್‌ಮುಂಡ್ ನಗರದಲ್ಲಿ ಬ್ರೆಜಿಲ್ ಎದುರು ಮೊದಲ ಗೋಲನ್ನು ತಾನೇ ಹೊಡೆದೂ 1-4ರಿಂದ ಸೋತು ಹೊರಬಿದ್ದಿತು. ಆಟಗಾರರೆಲ್ಲ ಒಳಗೆ ಹೋದರು. ನಕಾತ ಒಬ್ಬರೇ ಅಂಗಣದ ನಡುವೃತ್ತದಲ್ಲಿ ಅಂಗಾತ ಮಲಗಿ, ಮುಖದ ಮೇಲೆ ಅಂಗಿಯೊಂದನ್ನು ಹಾಕಿಕೊಂಡು, ಹೊತ್ತು ಕಳೆದರೂ ಏಳದೆ ಇದ್ದರು. ಎಂದೂ ಭಾವನೆಯನ್ನು ತೋರಗೊಡದ ಮನುಷ್ಯ ಹೀಗೇಕೆ ಮಲಗಿದ್ದಾನೆಂದು ನೋಡಿದವರು ಬೆರಗಾದರು.

ಕಾರಣ ಜುಲೈ 3ರಂದು ತಿಳಿಯಿತು. ಪತ್ರಿಕಾಗೋಷ್ಠಿ ಇಲ್ಲ, ದೂರದರ್ಶನದ ದೀಪಗಳಿಲ್ಲ. ತಮ್ಮ ಜಾಲತಾಣದಲ್ಲಿ ಒಂದು ದೀರ್ಘ ಪತ್ರವನ್ನು ಪ್ರಕಟಿಸಿ, ವೃತ್ತಿಪರ ಆಟವನ್ನು ತೊರೆಯುತ್ತಿರುವುದಾಗಿ ಅವರು ತಿಳಿಸಿದರು. ಈ ನಿರ್ಧಾರವನ್ನು ಅರ್ಧ ವರ್ಷದ ಹಿಂದೆಯೇ ಮಾಡಿದ್ದರಂತೆ. ಬದುಕೇ ಒಂದು ಪಯಣ ಎಂಬುದು ಆ ಪತ್ರದ ತಿರುಳು. ಶಾಲೆಯ ಬಯಲಿನಿಂದ ಹೊರಟ ತನ್ನ ಒಂದು ಪಯಣ ಮುಗಿಯಿತು, ಇನ್ನೊಂದು ಮೊದಲಾಗಬೇಕು ಎಂಬ ಅರ್ಥದಲ್ಲಿ ಅವರು ಬರೆದಿದ್ದರು. ತಾನು ಹೇಳಲು ಹೊರಟದ್ದು ಯಾರಿಗೂ ತಲುಪಲಿಲ್ಲವೆಂದು ಭಾವಿಸಿದ್ದವರಿಗೆ, ಅದು ತಲುಪಿದೆ ಎಂಬ ಸಮಾಧಾನ ಅಭಿಮಾನಿಗಳು ಕಳಿಸಿದ ಪತ್ರಗಳನ್ನು ಓದಿದಾಗ ದೊರೆಯಿತೆಂದೂ ತಿಳಿಸಿದ್ದರು. ಇದಾದ ಹನ್ನೆರಡು ದಿನಗಳ ಮೇಲೆ, ಜುಲೈ 15ರಂದು, ಈಗ 'ಎಕ್ಸ್' ಎನಿಸಿಕೊಂಡಿರುವ ಟ್ವಿಟರ್ ಸಾರ್ವಜನಿಕರಿಗೆ ತೆರೆಯಿತು. ಇಂದು ಆಟಗಾರರೆಲ್ಲ ಅನುಸರಿಸುವ ವಿದಾಯದ ರೀತಿಯನ್ನು ಆತ ಅದಕ್ಕಿಂತ ಮೊದಲೇ ತೋರಿಸಿಕೊಟ್ಟಿದ್ದರು.

ದೇಶಕ್ಕಾಗಿ 77 ಪಂದ್ಯ, 11 ಗೋಲು, ಮೂರು ವಿಶ್ವಕಪ್. ಇನ್ನೂ ನಾಲ್ಕೈದು ವರ್ಷ ಆಡಿ ಹಣ ಗಳಿಸಬಹುದಾಗಿತ್ತು. ತರಬೇತುದಾರರಾಗಬಹುದಿತ್ತು, ದೂರದರ್ಶನದಲ್ಲಿ ಕುಳಿತು ಇತರರ ಆಟವನ್ನು ವಿಮರ್ಶಿಸಬಹುದಿತ್ತು. ಇವು ಯಾವುವೂ ತಪ್ಪಲ್ಲ. ಆದರೆ ಅವರು ಚೀಲವನ್ನು ಹೆಗಲಿಗೇರಿಸಿ ದೇಶ ಸುತ್ತಲು ಹೊರಟರು.

ಉತ್ತರ ತಿಳಿಯದ ಪ್ರಶ್ನೆ

ಹೊರದೇಶಗಳನ್ನು ತಿರುಗುವಾಗ ಅವರಿಗೊಂದು ಮುಜುಗರ ಎದುರಾಯಿತು. ಜಗತ್ತಿನ ಜನರಿಗೆ ಅವರ ಹೆಸರು ಗೊತ್ತಿತ್ತು. ಗುರುತಿಸಿದವರು ಹತ್ತಿರ ಬಂದು ಕೇಳುತ್ತಿದ್ದುದು ಮಾತ್ರ ಜಪಾನಿನ ವಿಷಯ. ನಿಮ್ಮ ನಾಡಿನ ಕಲೆ ಯಾವುದು, ಆಹಾರ ಯಾವುದು, ಅದನ್ನು ಹೇಗೆ ಮಾಡುತ್ತಾರೆ ಎಂದು ಅವರು ಕೇಳಿದಾಗ, ಇಪ್ಪತ್ತೊಂದನೆಯ ವಯಸ್ಸಿಗೇ ಊರು ಬಿಟ್ಟಿದ್ದ ಈತನಿಗೆ ಉತ್ತರ ಹೊಳೆಯುತ್ತಿರಲಿಲ್ಲ. ಜಗತ್ತಿಗೆಲ್ಲ ಗೊತ್ತಿರುವ ಜಪಾನೀಯನಿಗೆ ಜಪಾನೇ ಗೊತ್ತಿಲ್ಲ! ಇದನ್ನು ಅವರು ಮರೆಮಾಚಲಿಲ್ಲ. ಹಲವು ಸಂದರ್ಶನಗಳಲ್ಲಿ ತಾವಾಗಿಯೇ ಹೇಳಿಕೊಂಡಿದ್ದಾರೆ.

2009ರಲ್ಲಿ ಅವರು ದಕ್ಷಿಣದ ತುದಿಯ ಓಕಿನಾವ ದ್ವೀಪಗಳಿಂದ ಹೊರಟರು. ಉತ್ತರದ ಹೊಕ್ಕೈದೊವರೆಗೆ ಜಪಾನಿನ 47 ಪ್ರಾಂತ್ಯಗಳನ್ನೂ ಒಂದೊಂದಾಗಿ ಸುತ್ತಿದರು. ಅದಕ್ಕೆ ಹಿಡಿದದ್ದು ಆರಕ್ಕೂ ಹೆಚ್ಚು ವರ್ಷ. ರೈತರು, ಕುಂಬಾರರು, ನೇಕಾರರು, ಬಣ್ಣಗಾರರು, ಮೆರುಗೆಣ್ಣೆಯ ಕೆಲಸದವರು, ಬಿದಿರು ಹೆಣೆಯುವವರು, ಹೀಗೆ ಕೈಕಸುಬಿನವರ ಮನೆಯ ಬಾಗಿಲಿಗೆ ಹೋಗಿ, ಅವರ ಪಕ್ಕದಲ್ಲಿ ಕುಳಿತು ಕೆಲಸವನ್ನು ನೋಡಿದರು.

ಅಂಥ ಕೆಲಸಗಳಲ್ಲೊಂದು 'ವಾಶಿ' ಎಂಬ ಕೈಕಾಗದ. ಹಿಪ್ಪುನೇರಳೆಯ ಜಾತಿಗೆ ಸೇರಿದ ಕೋಝೊ ಗಿಡದ ತೊಗಟೆಯನ್ನು ಸುಲಿದು, ಬೇಯಿಸಿ, ಕಸರನ್ನು ಬೆರಳಿನಿಂದಲೇ ಹೆಕ್ಕಿ ತೆಗೆದು, ಬಡಿದು, ನಾರನ್ನು ನೀರಿನಲ್ಲಿ ಕದಡುತ್ತಾರೆ. ಒಂದು ಬಗೆಯ ಬೇರಿನ ಲೋಳೆಯನ್ನು ಅದಕ್ಕೆ ಬೆರೆಸಿ, ಬಿದಿರಿನ ತೆಳು ಚಾಪೆಯಿಂದ ಎತ್ತಿ ಎತ್ತಿ ಹಾಳೆಯಾಗಿಸುತ್ತಾರೆ. ಹೀಗೆ ಮಾಡಿದ ಕಾಗದ ನೂರಾರು ವರ್ಷ ಬಾಳುತ್ತದೆ. 2014ರಲ್ಲಿ ಯುನೆಸ್ಕೊ ಸಂಸ್ಥೆ ಈ ಕೌಶಲವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಕಸುಬು ಉಳಿಯುವುದಿಲ್ಲ. ಕೊಳ್ಳುವವರು ಬೇಕು, ಕಲಿಯುವ ಮಕ್ಕಳು ಬೇಕು. ಜಪಾನಿನ ಅನೇಕ ಕೈಕಸುಬುಗಳಲ್ಲಿ ಹಿರಿಯರು ಕೊನೆಯುಸಿರೆಳೆದರೆ ಕೆಲಸವನ್ನು ಮುಂದುವರಿಸುವವರೇ ಇಲ್ಲದ ಸ್ಥಿತಿ ಬಂದೊದಗಿದೆ.

ಇಲ್ಲಿ ನಕಾತ ತಮ್ಮ ಬಳಿ ಏನಿದೆಯೆಂದು ನೋಡಿಕೊಂಡರು. ಅವರಿಗೆ ಕಾಗದ ಮಾಡಲು ಬಾರದು, ಮಡಕೆ ಮಾಡಲು ಬಾರದು. ಇದ್ದದ್ದು ಹೆಸರೊಂದೇ. ತಾವು ಎಲ್ಲಿ ನಿಂತರೆ ಅಲ್ಲಿಗೆ ಜನರ ಕಣ್ಣು ತಿರುಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆದ್ದರಿಂದ ಕುಶಲಕರ್ಮಿಗಳ ಪಕ್ಕದಲ್ಲಿ ಹೋಗಿ ನಿಂತರು. ಹಳ್ಳಿಯ ಕಸುಬುಗಾರರನ್ನು ನಗರದ ವಿನ್ಯಾಸಕಾರರೊಡನೆ ಜೋಡಿಸಿ, ವರ್ಷಕ್ಕೊಂದು ವಸ್ತುವನ್ನು ಆರಿಸಿಕೊಂಡು ಹೊಸ ಕೃತಿಗಳನ್ನು ಮಾಡಿಸುವ ಯೋಜನೆಯನ್ನು ಕೈಗೊಂಡರು. ಒಂದು ವರ್ಷ ಮಣ್ಣಿನ ಪಾತ್ರೆ, ಮುಂದಿನ ವರ್ಷ ಕೈಕಾಗದ, ಅದರ ಮುಂದಿನ ವರ್ಷ ಬಿದಿರು. ತಾವು ಕಂಡ ಕಸುಬುಗಾರರ ಪರಿಚಯಕ್ಕೆ 'ನಿಹೊನ್ಮೊನೊ' ಎಂಬ ಹೆಸರಿನಲ್ಲಿ ಜಾಲತಾಣವನ್ನು ಮೀಸಲಿಟ್ಟರು. ಜಪಾನಿ ಭಾಷೆಯಲ್ಲಿ 'ನಿಹೊನ್' ಎಂದರೆ ಜಪಾನ್, 'ಹೊನ್ಮೊನೊ' ಎಂದರೆ ಅಪ್ಪಟ ವಸ್ತು. ಎರಡೂ ಒಂದರೊಳಗೊಂದು ಬೆಸೆದ ಪದವಿದು.

ಮೊದಲ ತಾಣದಲ್ಲಿ ಅವರ ಹೆಸರೇ ಶಿರೋನಾಮೆಯಾಗಿತ್ತು, ಅಲ್ಲಿ ಕಾಣುತ್ತಿದ್ದುದು ಅವರ ಮುಖ. ಎರಡನೆಯದರಲ್ಲಿ ನಾಡಿನ ಹೆಸರಿದೆ, ಅಲ್ಲಿ ಕಾಣುವುದು ಇತರರ ಕೈಗಳು. ಒಬ್ಬ ಮನುಷ್ಯನ ಬೆಳವಣಿಗೆಯನ್ನು ಅಳೆಯಲು ಈ ಎರಡು ಹೆಸರುಗಳೇ ಸಾಕೆಂದು ನಮಗೆ ತೋರುತ್ತದೆ.

ಓದುಗರಿಗೆ ಬರಬಹುದಾದ ಸಂದೇಹ

ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡದೆ ಹೇಳಬೇಕು. ಈ ಪಯಣದಲ್ಲಿ ನಕಾತ ಅವರ ಮನಸ್ಸನ್ನು ಹೆಚ್ಚು ಸೆಳೆದದ್ದು 'ಸಾಕೆ' ತಯಾರಿಸುವವರ ಕೆಲಸ. ಸಾಕೆ ಎಂದರೆ ಅಕ್ಕಿಯ ಮದ್ಯ. ಅದಕ್ಕಾಗಿ 2015ರಲ್ಲಿ ಅವರು ಒಂದು ಕಂಪನಿಯನ್ನೇ ಸ್ಥಾಪಿಸಿದರು. 2016ರಿಂದ ಟೋಕಿಯೊ ನಗರದಲ್ಲಿ ಅದರ ಉತ್ಸವವನ್ನು ನಡೆಸಿದರು. ಸೀಸೆಯ ಮೇಲಿನ ಚೀಟಿಯ ಚಿತ್ರ ತೆಗೆದರೆ ಅದನ್ನು ತಯಾರಿಸಿದ ಮನೆತನ, ಊರು, ಅಕ್ಕಿಯ ವಿವರಗಳನ್ನು ತಿಳಿಸುವ ಮೊಬೈಲು ಸಾಧನವನ್ನೂ ಹೊರತಂದರು.

ಮದ್ಯಕ್ಕೆ ನಮ್ಮ ಮನೆಗಳಲ್ಲಿ ಸ್ಥಾನವಿಲ್ಲ. ಕುಡಿತದಿಂದ ಸಂಸಾರಗಳು ಒಡೆದದ್ದನ್ನು ನಾವೆಲ್ಲರೂ ಕಂಡವರೇ. ಆ ಪದಾರ್ಥವನ್ನು ಮೆಚ್ಚಿಸಲು ಈ ಲೇಖನ ಹೊರಟಿಲ್ಲ. ಆದರೆ ಬೇರೊಂದು ನಾಡಿನ ಬಾಳನ್ನು ಅರಿಯಹೊರಟಾಗ ಆ ನಾಡಿನವರ ಕಣ್ಣಿನಿಂದಲೂ ಒಮ್ಮೆ ನೋಡಬೇಕಾಗುತ್ತದೆ. ಜಪಾನೀಯರಿಗೆ ಸಾಕೆಯು ಶಿಂತೊ ದೇಗುಲದಲ್ಲಿ ಅರ್ಪಿಸುವ ವಸ್ತು, ಮದುವೆಯ ವಿಧಿಯಲ್ಲಿ ವಧೂವರರು ಹಂಚಿಕೊಳ್ಳುವ ವಸ್ತು. ಬೇಯಿಸಿದ ಅಕ್ಕಿಗೆ 'ಕೋಜಿ' ಎಂಬ ಬೂಷ್ಟನ್ನು ಹತ್ತಿಸಿ, ಚಳಿಗಾಲದ ರಾತ್ರಿಗಳಲ್ಲಿ ನಿದ್ದೆಗೆಟ್ಟು ಅದನ್ನು ಕಾಯುವ ಕೆಲಸ ತಲೆಮಾರುಗಳಿಂದ ನಡೆದುಬಂದಿದೆ. ಅವರ ಅಡುಗೆಮನೆಯ ಮಿಸೊ ಮತ್ತು ಸೋಯಾ ರಸಗಳೂ ಇದೇ ಕೋಜಿಯಿಂದ ಆಗುವಂಥವು. 1970ರ ದಶಕದ ನಂತರ ಸಾಕೆಯ ಬಳಕೆ ಇಳಿಯುತ್ತ ಬಂದು, ಎಷ್ಟೋ ಹಳೆಯ ಮನೆತನಗಳು ಬಾಗಿಲು ಮುಚ್ಚಿದವು. 2024ರ ಡಿಸೆಂಬರಿನಲ್ಲಿ ಯುನೆಸ್ಕೊ ಈ ತಯಾರಿಕೆಯ ಜ್ಞಾನವನ್ನೂ ಪರಂಪರೆಯ ಪಟ್ಟಿಗೆ ಸೇರಿಸಿದೆ. ಪದಾರ್ಥವನ್ನು ನಾವು ಒಪ್ಪದಿರಬಹುದು. ದುಡಿಯುವವನ ಹೆಸರು ಸೀಸೆಯ ಹಿಂದೆ ಮರೆಯಾಗಬಾರದೆಂಬ ಕಳಕಳಿಯನ್ನು ಒಪ್ಪದಿರಲಾರೆವು.

ಇನ್ನೊಂದು ಹಾದಿ

ಕೀರ್ತಿ ಬಂದ ಕೂಡಲೇ ಎಲ್ಲರೂ ಆಟ ಬಿಟ್ಟು ಹೊರಡಬೇಕೆಂದು ಇದರ ಅರ್ಥವೆ? ಖಂಡಿತ ಅಲ್ಲ. ನಾವು ಮೇಲೆ ಹೆಸರಿಸಿದ ಕಝುಯೋಶಿ ಮಿಯುರ ಅವರನ್ನೇ ನೋಡಬಹುದು. 1967ರಲ್ಲಿ ಹುಟ್ಟಿದ ಅವರು ಜಪಾನಿನ ಆಟವನ್ನು ಬೆಳೆಸಿದ ಹಿರಿಯರು. 1998ರ ವಿಶ್ವಕಪ್ ಇನ್ನೇನು ಆರಂಭವಾಗಬೇಕೆನ್ನುವಾಗ ಅವರನ್ನು ತಂಡದಿಂದ ಕೈಬಿಟ್ಟರು. ಯಾವ ವಿಶ್ವಕಪ್‌ಗಾಗಿ ಬಾಳೆಲ್ಲ ದುಡಿದರೋ ಆ ಅಂಗಣ ಅವರಿಗೆ ದೊರೆಯಲೇ ಇಲ್ಲ. ಆದರೂ ಅವರು ಆಟದ ಮೇಲೆ ಮುನಿಯಲಿಲ್ಲ. ಸಣ್ಣ ತಂಡ, ಕೆಳಗಿನ ಲೀಗ್ ಎಂದು ನೋಡದೆ ಆಡುತ್ತಲೇ ಬಂದರು. 2025ರಲ್ಲಿ, ತಮ್ಮ 58ನೆಯ ವಯಸ್ಸಿನಲ್ಲಿಯೂ, ಪಂದ್ಯವೊಂದರಲ್ಲಿ ಅಂಗಣಕ್ಕಿಳಿದರು.

ಒಬ್ಬರು ಇಪ್ಪತ್ತೊಂಬತ್ತಕ್ಕೆ ಬಿಟ್ಟರು, ಇನ್ನೊಬ್ಬರು ಐವತ್ತೆಂಟಕ್ಕೂ ಬಿಡಲಿಲ್ಲ. ಇಬ್ಬರನ್ನೂ ಜಪಾನಿನ ಜನ ಸಮಾನವಾಗಿ ಪ್ರೀತಿಸುತ್ತಾರೆ. ನೋಡುವವರ ಎಣಿಕೆ ಏರಲಿ ಇಳಿಯಲಿ, ತಮಗೆ ಒಪ್ಪಿದ ಕೆಲಸವನ್ನು ಇಬ್ಬರೂ ಬಿಡದೆ ಮಾಡಿದರು. ಬಿಡುವುದರಲ್ಲಾಗಲಿ ಹಿಡಿದಿರುವುದರಲ್ಲಾಗಲಿ ಹಿರಿಮೆಯಿಲ್ಲ, ಏತಕ್ಕಾಗಿ ಬಿಟ್ಟೆವು, ಏತಕ್ಕಾಗಿ ಹಿಡಿದೆವು ಎಂಬುದರಲ್ಲಿದೆ.

ಮನೆಯಲ್ಲಿ ಆಡಬಹುದಾದ ಮಾತು

ನಕಾತ ಅವರ ಹಾದಿ ಎಲ್ಲ ಮಕ್ಕಳಿಗೂ ಸಾಧ್ಯವಾಗದು. ಎಲ್ಲರಿಗೂ ಅಂಥ ಕಾಲು ಬರುವುದಿಲ್ಲ, ಅಂಥ ಹೆಸರೂ ಬರುವುದಿಲ್ಲ. ಆದರೆ ಸಣ್ಣ ಪ್ರಮಾಣದ ಹೆಸರು ಇಂದು ಪ್ರತಿಯೊಂದು ಮಗುವಿನ ಕೈಯಲ್ಲೂ ಇದೆ. ಮೊಬೈಲಿನ ಆ ಪುಟ್ಟ ಗಾಜಿನ ಮೇಲೆ ಐವತ್ತು ಜನವೋ ಐನೂರು ಜನವೋ ಅವರನ್ನು ನೋಡುತ್ತಿದ್ದಾರೆ. ಐವತ್ತು ಜನವೆಂದರೆ ಕಡಿಮೆಯೇನಲ್ಲ. ಹಿಂದೆ ಒಂದು ಓಣಿಯ ಮಂದಿಯೆಲ್ಲ ಸೇರಿದರೆ ಅಷ್ಟಾಗುತ್ತಿತ್ತು.

ಆದ್ದರಿಂದ ಮುಂದೊಮ್ಮೆ ಮಗನೋ ಮಗಳೋ ಎಣಿಕೆಯನ್ನು ತೋರಿಸಲು ಓಡಿ ಬಂದಾಗ ಗದರದೆ ಪಕ್ಕದಲ್ಲಿ ಕೂರಿಸಿಕೊಳ್ಳೋಣ. ಬೆಟ್ಟದೂರಿನಲ್ಲಿ ಚೆಂಡು ಒದೆದ ಹುಡುಗನ ಕಥೆಯನ್ನು ಹೇಳೋಣ. ಆತ ಗೋಲು ಹೊಡೆದದ್ದನ್ನು ಹೇಳೋಣ, ಹೊರಗೆ ಕುಳಿತು ಕಾದದ್ದನ್ನೂ ಹೇಳೋಣ. ತನ್ನ ನಾಡೇ ತನಗೆ ಗೊತ್ತಿಲ್ಲವೆಂದು ನಾಚಿ, ಕಲಿಯಲು ಹೊರಟದ್ದನ್ನು ಮರೆಯದೆ ಹೇಳೋಣ. ಬಳಿಕ ನಿಧಾನವಾಗಿ ಒಂದು ಪ್ರಶ್ನೆ ಕೇಳೋಣ:

"ಇಷ್ಟು ಜನ ನಿನ್ನನ್ನು ನೋಡುತ್ತಿದ್ದಾರಲ್ಲ ಮಗೂ, ನೀನು ಅವರಿಗೆ ಯಾರನ್ನು ತೋರಿಸುತ್ತೀಯೆ?"